ದಾನಚಿಂತಾಮಣಿಯ ತವರುಮನೆ

(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಬಸದಿಯ ಪ್ರತಿಷ್ಠೆಯೆಂದೊಡನೆ ದಾನಚಿಂತಾಮಣಿ ಅತ್ತಿಮಬ್ಬೆಯ ಸ್ಮರಣೆ ಸಹಜ. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯ ದರ್ಶನವನ್ನು ನಮ್ಮಲ್ಲನೇಕರು ಪಡೆದಿದ್ದೇವೆ. ಅಲ್ಲಿಯ ಕ್ರಿ.ಶ. 1007ರ ಶಾಸನ ಆಕೆಯ ದಾನಗುಣವನ್ನು ಕೊಂಡಾಡುತ್ತದೆ. ಆಕೆಯ ಪತಿ ನಾಗದೇವ. ಮಾವ ಧಲ್ಲಪನು ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿ. ಮಗ ಪಡೆವಳ ತೈಲ. ಹೀಗೆ ಆಕೆ ಸೇರಿದ ಮನೆ ನಮಗೆ ಪರಿಚಿತವಾಗಿದೆ. ಆದರೆ ಆಕೆ ಹುಟ್ಟಿದ ಮನೆ ಯಾವುದು?

ಅದನ್ನರಿಯಲು ಲಕ್ಕುಂಡಿಯಿಂದ ಬಹುದೂರ, ಈಗಿನ ಆಂಧ್ರಕ್ಕೆ ಸೇರಿದ ವೆಂಗಿನಾಡಿಗೆ ಹೋಗಬೇಕು. ಅಲ್ಲಿಯ ಪುಂಗನೂರಿನಲ್ಲಿ ಕೌಂಡಿನ್ಯ ಗೋತ್ರದ ನಾಗಮಯ್ಯನೆಂಬ ಜಿನಭಕ್ತನಿದ್ದನು. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ತಮ್ಮ ಗುರು ಜಿನಚಂದ್ರದೇವರ ಸ್ಮರಣಾರ್ಥವಾಗಿ ಈ ಸಹೋದರರು ಪೊನ್ನ ಮಹಾಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಆ ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಆಕೆಯೂ ತಂಗಿ ಗುಂಡಮಬ್ಬೆಯೂ ನಾಗದೇವನನ್ನೇ ವರಿಸಿದರು. ಅವನು ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು, ಮಗನನ್ನು ಬೆಳೆಸಿ, ಧರ್ಮಕ್ಕಾಗಿ ಬಾಳಿದಳು.

ಬಂಧುಗಳೆ, ಆಕೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಪ್ರಸಿದ್ಧ ಸಂಗತಿ. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಓಲೆಯ ಮೇಲೆ ಕೈಯಿಂದಲೇ ಬರೆಯಬೇಕಿತ್ತು. ಇದನ್ನು ನಾವು ಶಾಸ್ತ್ರದಾನವೆಂದು ಹೊಗಳುತ್ತೇವೆ, ಅದು ಸರಿಯೇ. ಆದರೆ ಆ ಕಾವ್ಯದಲ್ಲೇ ಆಕೆಯ ತಂದೆ, ಚಿಕ್ಕಪ್ಪ, ಅಜ್ಜಂದಿರ ವೃತ್ತಾಂತವೂ ಇದೆ. ಜಿನವಾಣಿಯನ್ನು ಉಳಿಸಿದ ಆ ತಾಯಿ ಅದರೊಡನೆ ತವರಿನ ಹೆಸರನ್ನೂ ಉಳಿಸಿದಳು. ಮುಂದೆ ಕ್ರಿ.ಶ. 993ರಲ್ಲಿ ಆಕೆಯ ಆಶ್ರಯದಲ್ಲಿ ರನ್ನನು ರಚಿಸಿದ ಅಜಿತಪುರಾಣವು ಎರಡೂ ಮನೆತನಗಳ ವಿವರವನ್ನು ಒಟ್ಟಿಗೆ ನೀಡಿತು.

ಕೀರ್ದಿ-ಖಾತೆ ಬರೆಯುವ ವ್ಯಾಪಾರಿ ನಾನು. ಬರೆದಿಡದ ಲೆಕ್ಕ ಎರಡನೆಯ ತಲೆಮಾರಿಗೆ ನಿಲ್ಲುವುದಿಲ್ಲವೆಂದು ಬಲ್ಲೆ. ನಮ್ಮ ಬಸದಿಗಳ ದಾನಫಲಕಗಳಲ್ಲಿ ಯಜಮಾನರ ಹೆಸರು ದೊಡ್ಡಕ್ಷರದಲ್ಲಿರುತ್ತದೆ. ಕೆಳಗೆ ‘ಮತ್ತು ಧರ್ಮಪತ್ನಿ’ ಎಂದಷ್ಟೇ ಇರುವುದುಂಟು. ಆ ತಾಯಿ ಯಾರ ಮಗಳು, ಯಾವ ಊರಿನವಳು ಎಂಬುದು ಮೊಮ್ಮಕ್ಕಳಿಗೇ ತಿಳಿಯದೆ ಹೋಗುತ್ತದೆ. ಸಾವಿರ ವರ್ಷಗಳ ಹಿಂದಿನ ಅತ್ತಿಮಬ್ಬೆಯ ತವರನ್ನು ನಾವಿಂದು ಹೇಳಬಲ್ಲೆವು. ನಮ್ಮ ಅಜ್ಜಿಯ ಅಜ್ಜಿಯ ತವರನ್ನು ಹೇಳಬಲ್ಲೆವೇ?

ಆದುದರಿಂದ ಸಮಿತಿಯವರಲ್ಲಿ ನನ್ನ ವಿನಮ್ರ ಪ್ರಾರ್ಥನೆ: ಈ ಬಸದಿಯ ದಾನಿಗಳ ವಹಿಯಲ್ಲಿ ಪ್ರತಿಯೊಬ್ಬ ಶ್ರಾವಿಕೆಯ ಹೆಸರು, ತಂದೆ-ತಾಯಿಯರ ಹೆಸರು, ತವರೂರು ದಾಖಲಾಗಲಿ. ಇದಕ್ಕೆ ಖರ್ಚಾಗುವುದು ಒಂದು ಸಾಲಿನಷ್ಟು ಶಾಯಿ ಮಾತ್ರ.