ಪೆಟ್ರೋಲ್ ಮೀಟರಿನ ಮುಳ್ಳು ಸುಳ್ಳಾಡಿದಾಗ

ಕಾರು ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ತೊಡಕು ಬಂದೇ ಬರುತ್ತದೆ. ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿ ಬಂದರೂ ಮೀಟರಿನ ಮುಳ್ಳು ಮೇಲೇಳುವುದಿಲ್ಲ. ಇಲ್ಲವೆ, ಅರ್ಧ ಟ್ಯಾಂಕು ಇದೆಯೆಂದು ಮುಳ್ಳು ತೋರಿಸುತ್ತಿರುವಾಗಲೇ ಗಾಡಿ ನಿಂತುಬಿಡುತ್ತದೆ. ಮೊದಲನೆಯದು ಬರಿಯ ಕಿರಿಕಿರಿ, ಎರಡನೆಯದು ಅಪಾಯ. ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿಲೋಮೀಟರು. ಹೆದ್ದಾರಿಯಾದುದರಿಂದ ಅಲ್ಲಿ ಗಾಡಿ ನಿಂತರೂ ಯಾರಾದರೂ ಕೈಹಿಡಿದಾರು. ಆದರೆ ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಣ ಒಂದು ಹಳ್ಳಿಯಿಂದ, ನಡುರಾತ್ರಿಯಲ್ಲಿ, ತುಂಬು ಗರ್ಭಿಣಿಯನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೊರಟವರ ಗತಿಯೇನು? ಆದುದರಿಂದ ಈ ಸಣ್ಣ ಮುಳ್ಳಿನ ವಿಚಾರವನ್ನು ತಿಳಿದಿರುವುದು ಒಳ್ಳೆಯದು.

ಇದರ ಏರ್ಪಾಡು ಬಲು ಸರಳ. ಟ್ಯಾಂಕಿನೊಳಗೆ ಒಂದು ತೇಲುಗುಂಡು ಉಂಟು. ಪೆಟ್ರೋಲು ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದಕ್ಕೆ ಸೇರಿದ ತೋಳು ಒಂದು ಪ್ರತಿರೋಧದ ಪಟ್ಟಿಯ ಮೇಲೆ ಜಾರುತ್ತದೆ. ಮೀಟರಿನಿಂದ ಹೊರಟ ವಿದ್ಯುತ್ತು ತಂತಿಯ ಮೂಲಕ ಈ ಪಟ್ಟಿಗೆ ಬಂದು, ಅಲ್ಲಿಂದ ಗಾಡಿಯ ಕಬ್ಬಿಣದ ಮೈಗೆ, ಎಂದರೆ ಅರ್ತಿಗೆ, ಸೇರುತ್ತದೆ. ಅನೇಕ ಗಾಡಿಗಳಲ್ಲಿ ಪ್ರತಿರೋಧ ಕಡಿಮೆಯಾದಷ್ಟೂ ಮುಳ್ಳು ತುಂಬಿದ ಕಡೆಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಇದು ತಿರುಗುಮುರುಗು.

ಹೀಗಿರುವುದರಿಂದ ತಪ್ಪಿತಸ್ಥರು ನಾಲ್ವರೇ: ಮೀಟರು, ತಂತಿ, ತೇಲುಗುಂಡಿನ ಜೋಡಣೆ, ಅರ್ತು. ಇವರಲ್ಲಿ ಯಾರೆಂದು ಗೊತ್ತುಮಾಡಿಕೊಳ್ಳದೆ ಹೊಸ ಮೀಟರು ಕೊಂಡರೆ ದುಡ್ಡು ದಂಡ.

ಮೊದಲು ಕೀಲಿ ತಿರುಗಿಸಿ ಉಳಿದ ಮೀಟರುಗಳನ್ನು ನೋಡಿ. ಎಂಜಿನ್ನಿನ ಶಾಖ ತೋರುವ ಮುಳ್ಳೂ ಸತ್ತಿದ್ದರೆ ಟ್ಯಾಂಕಿನ ತಂಟೆಗೆ ಹೋಗಬೇಡಿ, ಫ್ಯೂಸು ಸುಟ್ಟಿರಬಹುದು. ಪೆಟ್ರೋಲಿನ ಮುಳ್ಳು ಒಂದೇ ಮಲಗಿದ್ದರೆ, ಟ್ಯಾಂಕಿನ ಜೋಡಣೆಗೆ ಬರುವ ತಂತಿಯನ್ನು ಬಿಡಿಸಿ. ಆ ತಂತಿಯ ತುದಿಗೂ ಗಾಡಿಯ ಮೈಗೂ ನಡುವೆ 12 ವೋಲ್ಟಿನ ಒಂದು ಸಣ್ಣ ಬಲ್ಬನ್ನು ಸೇರಿಸಿ ಕೀಲಿ ತಿರುಗಿಸಿ. ಮುಳ್ಳು ಮೇಲೆದ್ದರೆ ಮೀಟರೂ ತಂತಿಯೂ ನಿರಪರಾಧಿಗಳು. ದೋಷ ಟ್ಯಾಂಕಿನ ಕಡೆಗಿದೆ. ಏಳದಿದ್ದರೆ ಇದೇ ಪರೀಕ್ಷೆಯನ್ನು ಮೀಟರಿನ ಹಿಂಬದಿಯಲ್ಲಿ ಮಾಡಿ. ಅಲ್ಲಿ ಎದ್ದರೆ ನಡುವಣ ತಂತಿ ತುಂಡಾಗಿದೆ. ನಿಲ್ಲಿಸಿದ ಗಾಡಿಯೊಳಗೆ ಇಲಿ ಹೊಕ್ಕು ತಂತಿ ಕಡಿಯುವುದು ಹೊಸ ಸಂಗತಿಯೇನಲ್ಲ. ಅಲ್ಲಿಯೂ ಏಳದಿದ್ದರೆ ಮೀಟರನ್ನು ಬಿಚ್ಚಿಸಬೇಕು.

ಟ್ಯಾಂಕಿನ ಕಡೆಯ ದೋಷವೆಂದು ತಿಳಿದ ಮೇಲೂ ಆತುರ ಬೇಡ. ಮೊದಲು ಅರ್ತನ್ನು ನೋಡಿ. ಟ್ಯಾಂಕು ಇರುವುದು ಗಾಡಿಯ ಅಡಿಯಲ್ಲಿ. ನಮ್ಮ ಕಡೆಯ ಕೆಂಪು ಧೂಳು, ಮಳೆಗಾಲದ ಕೆಸರು, ಎಲ್ಲವೂ ಅಲ್ಲಿಗೇ ಸಿಡಿಯುತ್ತವೆ. ಮಾಲೂರಿನ ಇಟ್ಟಿಗೆ ಗೂಡುಗಳ ದಾರಿಯಲ್ಲಿ ದಿನವೂ ಓಡಾಡುವ ಗಾಡಿಯ ಅಡಿಯನ್ನು ಒಮ್ಮೆ ಬಗ್ಗಿ ನೋಡಿದರೆ ನಿಮಗೇ ತಿಳಿದೀತು. ಅರ್ತಿನ ತಿರುಪು ತುಕ್ಕು ಹಿಡಿದರೆ ಪ್ರತಿರೋಧ ಹೆಚ್ಚಿ, ಇರುವ ಪೆಟ್ರೋಲಿಗಿಂತ ಕಡಿಮೆ ತೋರಿಸುತ್ತದೆ. ಕೆರೆದು ಬಿಗಿಮಾಡಿದರೆ ಎಷ್ಟೋ ವೇಳೆ ಕಾಯಿಲೆ ಅಲ್ಲಿಗೇ ವಾಸಿ. ಮುಳ್ಳು ಯಾವಾಗಲೂ ತುಂಬಿದೆಯೆಂದೇ ತೋರಿದರೆ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಾಗಿರಬಹುದು. ಮಟ್ಟಸ ರಸ್ತೆಯಲ್ಲಿಯೂ ಎದ್ದುಬಿದ್ದು ಕುಣಿದರೆ ಪಟ್ಟಿ ಸವೆದಿರಬಹುದು. ತೇಲುಗುಂಡು ತೂತಾಗಿ ಪೆಟ್ರೋಲು ಕುಡಿದು ಮುಳುಗಿದರೆ ಎಷ್ಟು ತುಂಬಿಸಿದರೂ ಟ್ಯಾಂಕು ಬರಿದೆಂದೇ ತೋರುತ್ತದೆ.

ಒಂದು ಎಚ್ಚರಿಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ಗುಂಡಿಯಲ್ಲಿ ನಿಲ್ಲುತ್ತದೆ. ಮೇಲೆ ಹೇಳಿದ ಪರೀಕ್ಷೆಗಳನ್ನು ಟ್ಯಾಂಕು ಮುಚ್ಚಿರುವಾಗ, ಬಯಲಿನಲ್ಲಿ, ಪೆಟ್ರೋಲಿನ ವಾಸನೆ ಇಲ್ಲದಿದ್ದರೆ ಮಾತ್ರ ಮಾಡತಕ್ಕದ್ದು. ಜೋಡಣೆಯನ್ನು ಹೊರಗೆ ತೆಗೆಯುವ ಕೆಲಸ ಗ್ಯಾರೇಜಿನ ಮೇಸ್ತ್ರಿಯದು. ಅವರೂ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಬೀಡಿಯಂತೂ ಹತ್ತಿರ ಸುಳಿಯಬಾರದು. ಇಂದಿನ ಹೊಸ ಕಾರುಗಳಲ್ಲಿ ಈ ಲೆಕ್ಕ ಕಂಪ್ಯೂಟರಿನ ಮೂಲಕ ಬರುವುದರಿಂದ ಅವಕ್ಕೆ ಬಲ್ಬಿನ ಪರೀಕ್ಷೆ ಸಲ್ಲದು.

ರಿಪೇರಿಯಾಗುವವರೆಗೆ ಏನು ಮಾಡಬೇಕು? ಟ್ಯಾಂಕು ತುಂಬಿಸಿ, ಓಡಿದ ದೂರದ ಅಂಕಿಯನ್ನು ಬರೆದಿಡಿ. 35 ಲೀಟರಿನ ಟ್ಯಾಂಕು, ಲೀಟರಿಗೆ 14 ಕಿಲೋಮೀಟರು ಎಂದಿಟ್ಟುಕೊಂಡರೆ, 350 ಕಿಲೋಮೀಟರಿಗೆ 25 ಲೀಟರು ಮುಗಿದು 10 ಲೀಟರು ಉಳಿದಿರುತ್ತದೆ. ಅಲ್ಲಿಗೇ ಬಂಕಿಗೆ ಹೋಗಿ. ಕೊನೆಯ ತೊಟ್ಟಿನವರೆಗೆ ಓಡಿಸುವುದು ಜಾಣತನವಲ್ಲ. ಇಂದಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಬರಿದಾದರೆ ಅದು ಕಾದು ಕೆಡಬಹುದು. ಡೀಸೆಲ್ ಗಾಡಿಯಾದರೆ ಕೊಳವೆಗೆ ಗಾಳಿ ಸೇರಿ ಮತ್ತೆ ಹೊರಡಿಸುವುದೇ ಕಷ್ಟ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಗಾದೆ. ಈ ಮುಳ್ಳಿಗೆ ಮಾತ್ರ ಒಂದು ಸಣ್ಣ ಬಲ್ಬು, ಒಂದು ಕಾಗದ, ಒಂದಿಷ್ಟು ತಾಳ್ಮೆ ಸಾಕು.