ಚರ್ಮ ನಿಮ್ಮದು, ಮೂಳೆ ನಮ್ಮದು?
(ಶಿವಗಂಗೆಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಮಗುವನ್ನು ಶಾಲೆಗೆ ಸೇರಿಸುವಾಗ "ಚರ್ಮ ನಿಮ್ಮದು, ಮೂಳೆ ನಮ್ಮದು" ಎಂದು ಮೇಷ್ಟ್ರಿಗೆ ಹೇಳಿ ಬರುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು ನಿಷೇಧಿಸಿದೆ. ಮೇಷ್ಟ್ರು ಕೆಳಗಿಟ್ಟ ಬೆತ್ತವನ್ನು ನಾವೇ ಎತ್ತಿ ಅವರ ಕೈಗೆ ಕೊಡುತ್ತಿದ್ದೇವೆ.

ಇನ್ನೊಂದು ದೂರು: "ಸರ್ಕಾರಿ ಶಾಲೆಯಲ್ಲಿ ಬರೀ ಕಾರ್ಡಿನ ಆಟ. ಮಗುವಿಗೆ ಅ ಆ ಇ ಈ ಕೂಡ ಬರಲ್ಲ." ಹೀಗೆಂದು ಸಾಲ ಮಾಡಿ ಖಾಸಗಿ ಶಾಲೆಗೆ ಹಾಕುವವರಿದ್ದಾರೆ. ಆ ಕಾರ್ಡು ಏನೆಂದು ಮೊದಲು ತಿಳಿಯೋಣ.

ಅದರ ಹೆಸರು ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು ತಾವೇ ಕೂತು ಕಾರ್ಡುಗಳನ್ನು ಸಿದ್ಧಪಡಿಸಿದರು. 2009-10ರಿಂದ ಅದು ರಾಜ್ಯದ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂತು. ಅದರಲ್ಲಿ ಮೊದಲ ಅಕ್ಷರ 'ಅ' ಅಲ್ಲ. ರ, ಗ, ಸ, ದ, ಅ ಎಂದು ಕಲಿಸುತ್ತಾರೆ. ಈ ಐದೇ ಅಕ್ಷರದಲ್ಲಿ ಮಗು ಸರ, ಅಗಸ, ಅರಸ ಎಂದು ಓದಿಬಿಡುತ್ತದೆ. ಮನೆಯಲ್ಲಿ ದಖ್ನಿ ಮಾತಾಡುವ ನಮ್ಮ ಮಕ್ಕಳಿಗೆ ಚಿತ್ರದ ಜೊತೆ ಕನ್ನಡ ಪದ ಸಿಗುವುದು ದೊಡ್ಡ ಉಪಕಾರ.

ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ. ಮದುವೆ, ಉರೂಸ್ ಎಂದು ನಾವು ಮಗುವನ್ನು ವಾರಗಟ್ಟಲೆ ಕರೆದೊಯ್ಯುತ್ತೇವಲ್ಲ (ಅದು ಸರಿಯೇ ಎಂಬುದು ಬೇರೆ ಮಾತು), ಹಳೆಯ ಪದ್ಧತಿಯಲ್ಲಿ ಪಾಠ ಮುಂದೆ ಹೋಗಿಬಿಡುತ್ತಿತ್ತು. ಇಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು. ಕೆಲವರು ಶಿಕ್ಷಕರ ಹತ್ತಿರ, ಕೆಲವರು ಗೆಳೆಯರ ನೆರವಿನಿಂದ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಇದನ್ನು ನಿಭಾಯಿಸುವುದು ಬೆತ್ತ ಹಿಡಿದು ಕೂರುವಷ್ಟು ಸುಲಭವಲ್ಲ. ಎಲ್ಲ ಕಡೆಯೂ ಚೆನ್ನಾಗಿ ನಡೆಯುತ್ತದೆಂದು ನಾವು ಹೇಳುವುದಿಲ್ಲ. ಶಿಕ್ಷಕರನ್ನು ಚುನಾವಣೆ, ಗಣತಿ ಕೆಲಸಕ್ಕೆ ಎಳೆದರೆ ಕಾರ್ಡುಗಳು ಧೂಳು ತಿನ್ನುತ್ತವೆ.

ಪ್ರವಾದಿ(ಸ)ರು ಮನುಷ್ಯನ ಆಯುಷ್ಯ ಮತ್ತು ಆಸೆಯನ್ನು ವಿವರಿಸಲು ಚೌಕ ಬರೆದು, ಅದರಾಚೆಗೆ ಚಾಚುವ ಗೆರೆ ಎಳೆದು ತೋರಿಸಿದ್ದು ಬುಖಾರಿಯಲ್ಲಿದೆ. ಕೇಳುಗರಿಗೆ ಬೇಸರವಾದೀತೆಂದು ಉಪದೇಶವನ್ನು ದಿನವೂ ನೀಡದೆ ಬಿಡುವು ಕೊಡುತ್ತಿದ್ದರು. ಚಿತ್ರ ತೋರಿಸಿ, ಬೇಸರವಾಗದಂತೆ ಕಲಿಸುವುದನ್ನು 'ಬರೀ ಆಟ' ಎಂದು ನಾವು ಹೇಗೆ ಹಳಿಯುವುದು?

ಆದ್ದರಿಂದ ಶಾಲೆಗೆ ಹೋಗಿ. ನಲಿಕಲಿ ಕೋಣೆಯಲ್ಲಿ 'ಪ್ರಗತಿ ನೋಟ' ಇರುತ್ತದೆ. ನಿಮ್ಮ ಮಗು ಯಾವ ಮೆಟ್ಟಿಲಲ್ಲಿದೆ, ಮನೆಯಲ್ಲಿ ಏನು ಮಾಡಿಸಬೇಕು ಎಂದು ಕೇಳಿ. ದಾಬಸ್‌ಪೇಟೆಯ ಕಾರ್ಖಾನೆ ಪಾಳಿಯಿಂದ ತಂದೆಗೆ ಬಿಡುವಾಗದಿದ್ದರೆ ತಾಯಿ ಹೋಗಲಿ. ಕನ್ನಡದಲ್ಲಿ ಮಾತಾಡಲು ಸಂಕೋಚವಿದ್ದರೆ ನಮಗೆ ತಿಳಿಸಿ. ಓದಿದ ಹೆಣ್ಣುಮಗಳೊಬ್ಬಳನ್ನು ಜೊತೆಗೆ ಕಳಿಸುವ ವ್ಯವಸ್ಥೆ ಮಾಡುತ್ತೇವೆ.