ಮುಸ್ಸಂಜೆಯ ಕೇಳದ ಕೂಗು

ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲೆ ಕುಳಿತು ನೋಡಿ. ಬೀದಿದೀಪದ ಸುತ್ತ ಪುಟ್ಟ ಬಾವಲಿಗಳು ಸರ್ರನೆ ಸುಳಿದಾಡುತ್ತವೆ. ನಮಗೆ ಒಂದು ಸದ್ದೂ ಕೇಳಿಸದು. ಆದರೆ ಅವು ಗಂಟಲು ಹರಿಯುವಂತೆ ಕೂಗುತ್ತಲೇ ಇರುತ್ತವೆ.

ಈ ಗುಟ್ಟು ಬಯಲಾಗಲು ಬಹಳ ಕಾಲ ಹಿಡಿಯಿತು. 1793ರಲ್ಲಿ ಇಟಲಿಯ ವಿಜ್ಞಾನಿ ಸ್ಪಲ್ಲಾಂಜಾನಿ, ಕಣ್ಣು ಕಳೆದುಕೊಂಡ ಬಾವಲಿಯೂ ಸಲೀಸಾಗಿ ಹಾರುವುದನ್ನು ಕಂಡರು. ಜಿನೀವಾದ ವೈದ್ಯ ಜೂರಿನ್ ಬಾವಲಿಗಳ ಕಿವಿ ಮುಚ್ಚಿದಾಗ ಅವು ಎದುರಿಗಿದ್ದುದಕ್ಕೆಲ್ಲ ಢಿಕ್ಕಿ ಹೊಡೆದವು. ಕಿವಿಯಿಂದ ನೋಡುವುದೆಂದರೇನು? ಯಾರಿಗೂ ಅರ್ಥವಾಗಲಿಲ್ಲ. 1938ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಮನುಷ್ಯರಿಗೆ ಕೇಳದ ಸದ್ದನ್ನು ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ತಂದಿಟ್ಟಾಗ ಅವುಗಳ ಕೂಗು ಮೊದಲ ಬಾರಿಗೆ ಪತ್ತೆಯಾಯಿತು.

ನಮ್ಮ ಕಿವಿಯ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ. ಅನೇಕ ಬಾವಲಿಗಳ ದನಿ ಅದಕ್ಕೂ ಎಷ್ಟೋ ಮೇಲೆ. ಇಷ್ಟು ಕೀಚಲು ದನಿ ಏಕೆ? ತಗ್ಗು ದನಿಯ ಅಲೆ ಉದ್ದ. ಸಣ್ಣ ಹುಳುವನ್ನು ಅದು ಬಳಸಿಕೊಂಡು ಮುಂದೆ ಸಾಗಿಬಿಡುತ್ತದೆ. 50,000 ಕಂಪನದ ಅಲೆಯ ಉದ್ದ ಏಳು ಮಿಲಿಮೀಟರಿನಷ್ಟೇ. ಅದು ಪತಂಗಕ್ಕೆ ಬಡಿದು ಮಾರ್ದನಿಯಾಗಿ ಮರಳುತ್ತದೆ.

ಹುಳು 1.7 ಮೀಟರ್ ದೂರದಲ್ಲಿದ್ದರೆ ಮಾರ್ದನಿ ಬರುವುದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಆ ತಡವೇ ಬಾವಲಿಗೆ ದೂರದ ಅಳತೆ. ಎರಡು ಕಿವಿಗೆ ಬಂದ ಸದ್ದಿನ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ. ಹುಡುಕುವಾಗ ಸೆಕೆಂಡಿಗೆ ಹತ್ತರಷ್ಟು ಕೂಗು ಸಾಕು. ಬೇಟೆ ಹತ್ತಿರವಾದಂತೆ ಕೂಗು ಒತ್ತೊತ್ತಾಗುತ್ತದೆ. ಕೊನೆಯ ಗಳಿಗೆಯಲ್ಲಿ ಕೆಲವು ಬಾವಲಿಗಳದು ಸೆಕೆಂಡಿಗೆ ಇನ್ನೂರರ ಹತ್ತಿರ ಹೋಗುತ್ತದೆ. ಪತಂಗಗಳೂ ಸುಮ್ಮನಿಲ್ಲ. ಎಷ್ಟೋ ಪತಂಗಗಳಿಗೆ ಈ ಕೂಗನ್ನು ಕೇಳುವ ಕಿವಿಯಿದೆ. ಕೂಗು ಕೇಳಿದ್ದೇ ತಡ, ಕೆಲವು ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತವೆ.

ಆಲದ ಮರದಲ್ಲಿ ಜೋತುಬೀಳುವ ದೊಡ್ಡ ಬಾವಲಿಗಳಿಗೆ ಮಾರ್ದನಿಯಿಂದ ಹುಡುಕುವ ಈ ವಿದ್ಯೆಯಿಲ್ಲ. ಹಣ್ಣು ಹುಡುಕಲು ಅವಕ್ಕೆ ಕಣ್ಣು, ಮೂಗು ಸಾಕು.

ಹುಳು ಹಿಡಿಯುವವುಗಳಲ್ಲಿ ಎಲೆಮೂಗಿನ ಬಾವಲಿಗಳು ಕೂಗುವುದು ಮೂಗಿನಿಂದ. ಮೂಗಿನ ಮೇಲಿನ ಎಲೆಯಂಥ ತೊಗಲು ಆ ಸದ್ದನ್ನು ಬೇಕಾದ ಕಡೆಗೆ ತಿರುಗಿಸುತ್ತದೆ. ಅವುಗಳಲ್ಲೊಂದು ಜಾತಿಗೆ ನಮ್ಮ ಕೋಲಾರದ್ದೇ ಹೆಸರು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆ ಬಿಟ್ಟರೆ ಅದರ ನೆಲೆ ಬೇರೆಲ್ಲೂ ಉಳಿದಂತಿಲ್ಲ. ಸುತ್ತಲಿನ ಬಂಡೆಗೆ ಸಿಡಿಮದ್ದಿಟ್ಟರೆ ಆ ಜಾತಿಯೇ ಅಳಿದೀತು.

ಮುಸ್ಸಂಜೆ ಮೌನವಾಗಿದೆ ಎಂದು ಇನ್ನು ಮುಂದೆ ಅನ್ನಬೇಡಿ. ನಮ್ಮ ಕಿವಿಗೆ ಎಟುಕದ ಆ ಕೂಗಿಗೆ ಮಾರ್ದನಿ ಕೊಡುವ ಬಂಡೆ, ಗುಹೆಗಳನ್ನಾದರೂ ಉಳಿಸೋಣ.